ದೊಡ್ಡ ಗಾಡಿಗೆ ವಸ್ತಿ ಎಲ್ಲಿ?

ಪುಣೆ, ಮುಂಬೈಗಳಲ್ಲಿ ನೆಲೆಸಿದ ನಮ್ಮವರಿಗೆಲ್ಲ ಗೊತ್ತಿರುವ ಸಂಗತಿ ಇದು. ಕಾರು ಕೊಳ್ಳಲು ಬ್ಯಾಂಕು ಓಡಿ ಬಂದು ಸಾಲ ಕೊಡುತ್ತದೆ. ಅದನ್ನು ನಿಲ್ಲಿಸಲು ಜಾಗ ಮಾತ್ರ ಯಾರೂ ಕೊಡುವುದಿಲ್ಲ. ಇನ್ನು ಆ ಗಾಡಿ ಕಾರಿನ ಎರಡರಷ್ಟು ಉದ್ದವಿದ್ದು, ಹಾಸಿಗೆ, ಒಲೆ, ಕಮೋಡು, ನೀರಿನ ಟ್ಯಾಂಕು ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡು ಬಂದರೆ ರಾತ್ರಿ ಎಲ್ಲಿ ನಿಲ್ಲಿಸುವುದು? ಕ್ಯಾರವಾನ್ ಅಥವಾ ಮೋಟರ್‌ಹೋಮ್ ಎಂದು ಕರೆಯುವ ಈ ಓಡಾಡುವ ಮನೆಗಳು ಈಗ ನಮ್ಮಲ್ಲೂ ಬಾಡಿಗೆಗೆ ಸಿಗುತ್ತಿವೆ. ಜಾಹೀರಾತಿನಲ್ಲಿ ಅವು ಸಮುದ್ರದ ಮುಂದೆಯೋ ಗುಡ್ಡದ ನೆತ್ತಿಯ ಮೇಲೋ ಒಂಟಿಯಾಗಿ ನಿಂತಿರುತ್ತವೆ. ಅಲ್ಲಿಗೆ ಹೇಗೆ ಹೋದವು, ಮರುದಿನ ಹೇಗೆ ಹೊರಬಂದವು ಎಂಬುದು ಚಿತ್ರದಲ್ಲಿ ಇರುವುದಿಲ್ಲ.

ನನಗೆ ಈ ಗಾಡಿಗಳ ಮೇಲೆ ಆಸಕ್ತಿ ಹುಟ್ಟಿದ್ದು ಶೋಕಿಯಿಂದಲ್ಲ. ಹಾವೇರಿ ಜಿಲ್ಲೆಯ ನಮ್ಮೂರಿನಿಂದ ಅಪ್ಪ, ಅವ್ವ ಪುಣೆಗೆ ಬಂದು ನನ್ನ ಜೊತೆ ಇರಲು ಶುರುಮಾಡಿ ಎರಡು ವರ್ಷವಾಯಿತು. ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪನ ಬಲಗಾಲು ಎಳೆಯುತ್ತದೆ. ಗಂಟೆಗೊಮ್ಮೆ ಶೌಚಕ್ಕೆ ಹೋಗಬೇಕು, ಕೂರಲು ಕಮೋಡೇ ಬೇಕು. ಊರಿಗೆ ಸುಮಾರು 500 ಕಿಲೋಮೀಟರ್. ಹೆದ್ದಾರಿ ಚೆನ್ನಾಗಿದೆ, ಆದರೆ ಅದರ ಬದಿಯ ಶೌಚಾಲಯಗಳಲ್ಲಿ ಅಪ್ಪನನ್ನು ಹಿಡಿದುಕೊಳ್ಳಲು ಇಬ್ಬರು ಬೇಕು. ಹಾಗಾಗಿ ಎರಡು ವರ್ಷದಿಂದ ಅವರಿಗೆ ಊರು ಎಂದರೆ ವಿಡಿಯೊ ಕಾಲ್. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದ ಮನುಷ್ಯ ಅವರು. ಶೌಚಾಲಯವನ್ನು ಜೊತೆಗೇ ಹೊತ್ತು ಸಾಗುವ ಗಾಡಿಯೊಂದೇ ಅವರನ್ನು ಮತ್ತೆ ರಸ್ತೆಗಿಳಿಸಬಲ್ಲದು ಎಂದು ನನಗೆ ಅನ್ನಿಸಿತು.

ಊರಿನ ದಾರಿ ಹಿಡಿಯುವ ಮೊದಲು ಒಂದು ಪರೀಕ್ಷೆ ಆಗಲೆಂದು ಹೋದ ಮಾರ್ಚಿನಲ್ಲಿ ಡ್ರೈವರ್ ಸಮೇತ ಕ್ಯಾರವಾನ್ ಬಾಡಿಗೆಗೆ ಪಡೆದು, ಎರಡು ರಾತ್ರಿಗೆ ಕೊಂಕಣದ ಕಡೆ ಹೊರಟೆವು. ಗಾಡಿಯ ಉದ್ದ 7 ಮೀಟರ್. ನೆತ್ತಿಯ ಮೇಲಿನ ಎಸಿ ಸೇರಿ ಎತ್ತರ 3 ಮೀಟರ್. ಈ ಅಳತೆಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಮೊದಲೇ ಕಳಿಸಿದ್ದೆ. ಮೊದಲ ರಾತ್ರಿಯ ಕ್ಯಾಂಪಿಂಗ್ ತಾಣದವರು ‘ಜಾಗ ಭರ್ಪೂರ್ ಇದೆ, ಬನ್ನಿ’ ಎಂದಿದ್ದರು. ಜಾಗ ಇದ್ದದ್ದು ನಿಜ, ಎರಡು ಎಕರೆ. ಆದರೆ ಹೆಬ್ಬಾಗಿಲಿಗೆ ಕಟ್ಟಿದ್ದ ಕಲ್ಲಿನ ಕಮಾನಿನ ಎತ್ತರ 2.8 ಮೀಟರ್. ಡ್ರೈವರ್ ಇಳಿದು ಒಮ್ಮೆ ಕಮಾನನ್ನು, ಒಮ್ಮೆ ಎಸಿಯನ್ನು ನೋಡಿ ತಲೆ ಅಲ್ಲಾಡಿಸಿದ. ಆ ರಾತ್ರಿ ರಸ್ತೆ ಬದಿಯಲ್ಲೇ ಕಳೆದೆವು. ಅವರ ಕರೆಂಟಿನ ವೈರು ಅಲ್ಲಿಗೆ ಮುಟ್ಟಲಿಲ್ಲ, ಎಸಿ ಓಡಲಿಲ್ಲ. ಲಾರಿಗಳು ಹಾದಾಗಲೆಲ್ಲ ಗಾಡಿ ತೊಟ್ಟಿಲಿನಂತೆ ತೂಗಿತು. ಅವ್ವ ಬೆಳಗಿನವರೆಗೂ ಕಣ್ಣು ಮುಚ್ಚಲಿಲ್ಲ. ಬಾಡಿಗೆ ಮಾತ್ರ ಪೂರ್ತಿ ಕೊಡಬೇಕಾಯಿತು.

ಈ ಪೇಚು ಹೊಸದೇನಲ್ಲ, ಕ್ಯಾರವಾನಿನಷ್ಟೇ ಹಳೆಯದು. 1885ರಲ್ಲಿ ಸ್ಕಾಟ್‌ಲೆಂಡ್ ಮೂಲದ ವೈದ್ಯ ಹಾಗೂ ಲೇಖಕ ವಿಲಿಯಂ ಗಾರ್ಡನ್ ಸ್ಟೇಬಲ್ಸ್, ರೈಲು ಬೋಗಿ ಕಟ್ಟುವ ಬ್ರಿಸ್ಟಲ್‌ನ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಎಂಬ ಗಾಡಿ ಮಾಡಿಸಿಕೊಂಡ. ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಎಂದು ಹೆಸರಾದದ್ದು ಇದೇ. ಸುಮಾರು 18 ಅಡಿ ಉದ್ದ, ಹೆಚ್ಚುಕಡಿಮೆ ಎರಡು ಟನ್ ತೂಕ, ಎಳೆಯಲು ಎರಡು ಕುದುರೆ. ಅದರಲ್ಲಿ ಆತ ಇಂಗ್ಲೆಂಡಿನ ದಕ್ಷಿಣ ಭಾಗದಿಂದ ಸ್ಕಾಟ್‌ಲೆಂಡಿನ ಇನ್ವರ್ನೆಸ್‌ವರೆಗೆ ಹೋದ. ಇಕ್ಕಟ್ಟಿನ ರಸ್ತೆಗಳಲ್ಲಿ ಎದುರು ಬರುವವರಿಗೆ ಎಚ್ಚರಿಕೆ ಕೊಡಲು ಅವನ ಸೇವಕ ಮೂರು ಗಾಲಿಯ ಸೈಕಲ್ ಏರಿ ಮುಂದೆ ಮುಂದೆ ಹೋಗುತ್ತಿದ್ದನಂತೆ. ಲಾರಿಯ ಮೈ ತಟ್ಟಿ ‘ಬರ್ಲಿ, ಬರ್ಲಿ’ ಎನ್ನುವ ನಮ್ಮ ಕ್ಲೀನರ್‌ನ ಕೆಲಸವೇ ಅದು. ಸಂಜೆಯಾದರೆ ಹಳ್ಳಿಯ ಛತ್ರದಂಥ ತಂಗುಮನೆಯ ಹಿತ್ತಲನ್ನೋ ಯಾರದಾದರೂ ಹುಲ್ಲುಗಾವಲನ್ನೋ ಹುಡುಕಬೇಕಿತ್ತು. ಗಾಡಿಯ ಬಾಗಿಲು ದಾಟುವಷ್ಟು ದೊಡ್ಡ ಗೇಟು ಅದಕ್ಕಿರಬೇಕು, ಎರಡು ಟನ್ ತಡೆಯುವಷ್ಟು ಗಟ್ಟಿ ನೆಲವೂ ಇರಬೇಕು.

1907ರಲ್ಲಿ ಬ್ರಿಟನ್ನಿನಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿತು. ಮುಂದೆ ಕುದುರೆ ಹೋಗಿ ಕಾರು ಬಂತು, ತಂಗುವ ತಾಣಗಳಿಗೆ ಕಟ್ಟುಪಾಡು ಬಂತು. ಅಲ್ಲಿ ಈಗ ಒಂದು ಕ್ಯಾರವಾನಿಗೂ ಇನ್ನೊಂದಕ್ಕೂ 6 ಮೀಟರ್ ಅಂತರ ಇರಬೇಕೆಂಬುದು ರೂಢಿಯ ನಿಯಮ. ಒಂದಕ್ಕೆ ಬೆಂಕಿ ಬಿದ್ದರೆ ಪಕ್ಕದ್ದಕ್ಕೆ ಹಾರಬಾರದು ಎಂಬುದೇ ಕಾರಣ. ಗಾಡಿ ಉದ್ದವಾದಂತೆ, ಅಗಲವಾದಂತೆ ಈ ಅಂತರವೇ ಮೊದಲು ಬಲಿ. ಆದ್ದರಿಂದಲೇ ಅಲ್ಲಿ ಅನೇಕ ತಾಣಗಳು ಇಷ್ಟು ಮೀಟರಿಗಿಂತ ಉದ್ದದ ಗಾಡಿಗೆ ಜಾಗವಿಲ್ಲ ಎಂದು ಬುಕಿಂಗಿಗೆ ಮೊದಲೇ ಹೇಳಿಬಿಡುತ್ತವೆ. ಅಮೆರಿಕದ ಗ್ಲೇಶಿಯರ್ ರಾಷ್ಟ್ರೀಯ ಉದ್ಯಾನದ ಬೆಟ್ಟದ ರಸ್ತೆಯ ಮುಖ್ಯ ಭಾಗದಲ್ಲಿ 21 ಅಡಿಗಿಂತ ಉದ್ದದ, ಕನ್ನಡಿ ಸೇರಿ 8 ಅಡಿಗಿಂತ ಅಗಲದ ವಾಹನಕ್ಕೆ ಪ್ರವೇಶವೇ ಇಲ್ಲ. ಕೇಳುವವರಿಗೆ ಇದು ಬಿರುಸಾಗಿ ಕಾಣಬಹುದು. ರಸ್ತೆ ಬದಿಯಲ್ಲಿ ಒಂದು ರಾತ್ರಿ ಕಳೆದ ನನಗೆ ಅದರಲ್ಲಿ ಉಪಕಾರವೇ ಕಂಡಿತು. ‘ಆಗುವುದಿಲ್ಲ’ ಎಂಬ ಮಾತು ಮನೆಯಲ್ಲಿದ್ದಾಗಲೇ ಸಿಕ್ಕಿದರೆ ಬೇರೆ ದಾರಿ ನೋಡಿಕೊಳ್ಳಬಹುದು.

ತೀರಾ ವಿಚಿತ್ರ ಗಾಡಿಗಳೂ ಇವೆ. ಜರ್ಮನಿಯಲ್ಲಿ ಗೇಯೋರ್ಗ್ ಹೋಲ್ಟ್ಲ್ 1945ರಲ್ಲಿ ಶುರುಮಾಡಿದ ರೋಟೆಲ್ ಟೂರ್ಸ್‌ನ ಕೆಂಪು ಬಸ್ಸುಗಳನ್ನು ‘ಉರುಳುವ ಹೋಟೆಲು’ ಎಂದೇ ಕರೆಯುತ್ತಾರೆ. ಮುಂದಿನ ಭಾಗದಲ್ಲಿ ಹಗಲು ಕೂರುವ ಸೀಟು, ಹಿಂದಿನ ಭಾಗದಲ್ಲಿ ಜೇನುಗೂಡಿನಂತೆ ಒಂದರ ಮೇಲೊಂದು ಮಲಗುವ ಗೂಡು. ನಮ್ಮ ಸ್ಲೀಪರ್ ಕೋಚಿನ ಹಿರಿಯಣ್ಣ ಎನ್ನಿ. ಅಂಥ ಬಸ್ಸು ಒಂದು ತಾಣಕ್ಕೆ ಬಂದರೆ ಬರುವುದು ಒಂದೇ ವಾಹನವಾದರೂ, ಬೆಳಗ್ಗೆ ನೀರಿನ ಮನೆಯ ಮುಂದೆ ಸಾಲು ನಿಲ್ಲುವುದು ಒಂದು ಮದುವೆ ದಿಬ್ಬಣದಷ್ಟು ಜನ. ಹಾಗಾಗಿ ಗಾಡಿ ಎಷ್ಟು ಉದ್ದ ಎನ್ನುವುದರ ಜೊತೆಗೆ ಅದರೊಳಗೆ ಎಷ್ಟು ಜನ ಎಂಬುದನ್ನೂ ತಾಣದವರು ಕೇಳಬೇಕಾಗುತ್ತದೆ.

ನಮ್ಮಲ್ಲೂ ಸರ್ಕಾರಗಳು ಸುಮ್ಮನೆ ಕೂತಿಲ್ಲ. ಮಹಾರಾಷ್ಟ್ರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿತು. ಅದೇ ವರ್ಷ ಕೇರಳ ‘ಕ್ಯಾರವಾನ್ ಕೇರಳ’ ಯೋಜನೆ ಪ್ರಕಟಿಸಿತು. ಮರುವರ್ಷ ವಾಗಮಣ್‌ನಲ್ಲಿ ಅಲ್ಲಿನ ಮೊದಲ ಕ್ಯಾರವಾನ್ ಪಾರ್ಕು ತೆರೆಯಿತು. ಪಾರ್ಕಿಗೆ ಕನಿಷ್ಠ 50 ಸೆಂಟ್ಸ್ ಜಾಗ, ಐದು ಗಾಡಿ ನಿಲ್ಲುವ ಅಂಕಣ ಇರಬೇಕೆಂದು ಕೇರಳ ಹೇಳಿತು. ನಮ್ಮ ಲೆಕ್ಕದಲ್ಲಿ ಅದು 20 ಗುಂಟೆ. ಹೊಲ ಹಂಚಿಕೊಂಡ ಅಣ್ಣತಮ್ಮಂದಿರ ಪಾಲಿಗೂ ಬರುವಷ್ಟು ಸಣ್ಣ ಜಾಗ. ಅಂದರೆ ಇದು ದೊಡ್ಡ ರೆಸಾರ್ಟಿನವರಿಗೆ ಮಾತ್ರ ಸಾಧ್ಯವಾಗುವ ಕೆಲಸವಲ್ಲ. ರಸ್ತೆಗೆ ಹತ್ತಿಕೊಂಡು ಅರ್ಧ ಎಕರೆ ಇರುವ ರೈತನೂ ಮಾಡಬಹುದು. ಆದರೆ ಗಾಡಿಗಳು ಬಂದಷ್ಟು ಬೇಗ ತಂಗುವ ಅಂಗಳಗಳು ಬಂದಿಲ್ಲ ಎನ್ನುವುದು ಬಾಡಿಗೆಗೆ ಪಡೆದವರಿಗೆಲ್ಲ ತಿಳಿಯುವ ಮಾತು.

ಹಾಗಾದರೆ ಒಂದು ಅಂಗಳ ದೊಡ್ಡ ಗಾಡಿಗೆ ಒಗ್ಗುತ್ತದೋ ಇಲ್ಲವೋ ತಿಳಿಯುವುದು ಹೇಗೆ? ಮೊದಲನೆಯದು ಎತ್ತರ. ಗೇಟು, ಕಮಾನು, ಜೋತುಬಿದ್ದ ವೈರು, ಹಲಸಿನ ಕೊಂಬೆ, ಇವುಗಳಲ್ಲಿ ಅತಿ ತಗ್ಗಿನದು ಯಾವುದೋ ಅದೇ ಆ ಜಾಗದ ಎತ್ತರ. ಎರಡನೆಯದು ತಿರುವು. 12 ಮೀಟರಿನ ಬಸ್ಸನ್ನು ಮನೆಯಾಗಿ ಮಾಡಿಕೊಂಡು ಬಂದವನಿಗೆ ಪೂರ್ತಿ ತಿರುಗಲು ಬೇಕಾಗುವ ಜಾಗ ಸಣ್ಣದಲ್ಲ: ಯುರೋಪಿನ ನಿಯಮ ದೊಡ್ಡ ವಾಹನಕ್ಕೆ ಬಿಟ್ಟುಕೊಡುವ ವೃತ್ತದ ಅಡ್ಡಳತೆಯೇ 25 ಮೀಟರ್. ಜೊತೆಗೆ ಬಾಲ. ಹಿಂದಿನ ಗಾಲಿಯಿಂದಾಚೆ ಚಾಚಿದ ಭಾಗ, ಮೂತಿ ಎಡಕ್ಕೆ ತಿರುಗಿದಾಗ ಬಲಕ್ಕೆ ಬೀಸುತ್ತದೆ. ಅಲ್ಲಿ ಕಂಬವೋ ಟೆಂಟೋ ಇದ್ದರೆ ಮುಗಿಯಿತು. ಮೂರನೆಯದು ತೂಕ. ಒಣ ಮುರ ಮಣ್ಣಿನ ಮೇಲೆ ನಿಂತ ಗಾಡಿ, ರಾತ್ರಿ ಒಂದು ಮಳೆ ಬಿದ್ದರೆ ಬೆಳಗ್ಗೆ ಟ್ರ್ಯಾಕ್ಟರ್ ಕೇಳುತ್ತದೆ. ನಾಲ್ಕನೆಯದು ಕರೆಂಟು. 16 ಆಂಪಿಯರಿನ ಒಂದು ಪ್ಲಗ್ಗಿನಿಂದ 230 ವೋಲ್ಟಿನಲ್ಲಿ ಸಿಗುವುದು ಹೆಚ್ಚೆಂದರೆ 3,680 ವಾಟ್. ಎಸಿ, ಗೀಸರು, ಇಂಡಕ್ಷನ್ ಒಲೆ ಮೂರೂ ಒಟ್ಟಿಗೆ ಹಾಕಿದರೆ ತಾಣದ ಎಂಸಿಬಿ ಬೀಳುತ್ತದೆ, ಪಕ್ಕದವರ ದೀಪವೂ ಆರಬಹುದು. ಐದನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ: ಶೌಚದ ಟ್ಯಾಂಕನ್ನು ಎಲ್ಲಿ ಖಾಲಿ ಮಾಡುವುದು? ಸೆಪ್ಟಿಕ್ ಟ್ಯಾಂಕಿಗೆ ದಾರಿ ಮಾಡಿಕೊಡದ ತಾಣ ಇದ್ದರೆ ಆ ಹೊಲಸು ಕೊನೆಗೆ ಸೇರುವುದು ಹಳ್ಳಕ್ಕೆ. ಊರಿನವರು ಇಂಥ ಗಾಡಿಗಳನ್ನು ಬೇಡವೆನ್ನಲು ಅದೊಂದೇ ಸಾಕು.

ನಮ್ಮ ಎರಡನೆಯ ರಾತ್ರಿ ಸಿಕ್ಕಿದ್ದು ಮಾವಿನ ತೋಟದ ಒಂದು ಹೋಮ್‌ಸ್ಟೇ. ತೋಟದ ಯಜಮಾನರು ಹಿಂದೆ ಲಾರಿ ಇಟ್ಟುಕೊಂಡಿದ್ದವರು. ಫೋನಿನಲ್ಲಿ ಬಾಡಿಗೆಯ ಮಾತಿಗೂ ಮೊದಲು ಎತ್ತರ ಕೇಳಿದರು, ಪಕ್ಕದಿಂದ ತೆಗೆದ ಫೋಟೊ ಕೇಳಿದರು, ಮರಳಿ ತಮ್ಮ ಗೇಟಿನ ಫೋಟೊ ಕಳಿಸಿದರು. ಗಾಡಿ ನಿಲ್ಲುವ ಕಡೆ ಕೆಂಪು ಚಿರೇಕಲ್ಲು ಹಾಸಿದ್ದರು. ಅಪ್ಪ ಒಳಗೆ ಕಿಟಕಿ ಪಕ್ಕ ಕೂತಲ್ಲಿಂದಲೇ ಎಲ್ಲ ನೋಡುತ್ತಿದ್ದರು. ಡ್ರೈವರ್ ಮೂತಿ ಮುಂದು ಮಾಡಿ ನುಗ್ಗಲು ಹೋದಾಗ ನನ್ನನ್ನು ಕರೆದು, ‘ತಮ್ಮಾ, ಒಳಗ ಹೋಗೂದು ದೊಡ್ಡ ಮಾತಲ್ಲ. ಮುಂಜಾನೆ ಹೊರಗ ಹೆಂಗ ಬರತದ ಅದನ್ನ ಮೊದಲ ನೋಡ್ರಿ. ರಿವರ್ಸ್ ಒಳಗ ಹಾಕಂತ ಹೇಳು’ ಎಂದರು. ಕಾಯಿಲೆ ಬಿದ್ದ ಮೇಲೆ ಅವರ ದನಿಯಲ್ಲಿ ಅಷ್ಟು ಅಧಿಕಾರ ಕೇಳಿದ್ದು ಅದೇ ಮೊದಲು. ಯಜಮಾನರು ನಕ್ಕು, ‘ಬಾಬಾ ಎಸ್‌ಟಿ ಡ್ರೈವರ್ ಏನು?’ ಎಂದು ಮರಾಠಿಯಲ್ಲಿ ಕೇಳಿದರು. ಆಮೇಲೆ ಇಬ್ಬರೂ ರಾತ್ರಿ ಹತ್ತರವರೆಗೆ ಘಾಟುಗಳ ಹೆಸರು ಹೇಳಿಕೊಂಡು ಕೂತರು.

ಆ ರಾತ್ರಿ ಅಪ್ಪ ಹೇಳಿದ್ದು ತಮ್ಮ ವಸ್ತಿ ಬಸ್ಸಿನ ಕಥೆ. ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಜೆ ಹಳ್ಳಿಗೆ ಹೋಗಿ, ಅಲ್ಲೇ ತಂಗಿ, ಮುಂಜಾನೆ ಶಾಲೆ, ಸಂತೆ, ಆಸ್ಪತ್ರೆಗೆ ಹೋಗುವವರನ್ನು ಹೊತ್ತು ಪಟ್ಟಣಕ್ಕೆ ಮರಳುವ ಬಸ್ಸು ಅದು. ಊರಲ್ಲೆಲ್ಲ ಅದಕ್ಕಿಂತ ದೊಡ್ಡ ವಾಹನ ಬೇರೆ ಇರುತ್ತಿರಲಿಲ್ಲ. ಆದರೂ ಅದಕ್ಕೊಂದು ಜಾಗ ಇತ್ತು. ಅಗಸಿಯ ಹೊರಗೆ, ಮರದ ಟೊಂಗೆ ಸವರಿದ್ದ ಕಡೆ. ಚಕ್ಕಡಿ ಬಿಟ್ಟು ಅಡ್ಡಗಟ್ಟಬಾರದೆಂದು ಊರವರೇ ಕಾಯುತ್ತಿದ್ದರು. ಯಾರೋ ನೀರು ತರುತ್ತಿದ್ದರು, ಯಾರದೋ ಮನೆಯಿಂದ ರೊಟ್ಟಿ ಬರುತ್ತಿತ್ತು. ನೀತಿ, ಪಾರ್ಕು ಎಂಬ ಮಾತಿಲ್ಲದೆ ನಮ್ಮ ಹಳ್ಳಿಗಳು ದೊಡ್ಡ ಗಾಡಿಗೆ ರಾತ್ರಿಯ ಜಾಗ ಮಾಡಿಕೊಟ್ಟದ್ದು ಆ ಗಾಡಿ ತಮಗೆ ಬೇಕು ಎಂಬ ಕಾರಣಕ್ಕೆ. ಕ್ಯಾರವಾನಿನವರೂ ಊರಿಗೆ ಬೇಕಾದವರಾಗಬೇಕು. ಅಲ್ಲಿನ ಹಾಲು, ತರಕಾರಿ ಕೊಂಡು, ಅಲ್ಲಿನ ಖಾನಾವಳಿಯಲ್ಲಿ ಉಂಡು, ಹೊಲಸು ಬಿಟ್ಟು ಹೋಗದಿದ್ದರೆ ಜಾಗ ತಾನಾಗಿ ಹುಟ್ಟುತ್ತದೆ.

ಈ ಸಲದ ಮಹಾನವಮಿಗೆ ಊರಿಗೆ ಹೋಗುವುದು ಎಂದು ನಿಶ್ಚಯಿಸಿದ್ದೇವೆ. ಬನ್ನಿ ಕೊಟ್ಟು ಓಣಿಯವರ ಮುಖ ನೋಡಬೇಕೆಂಬುದು ಅಪ್ಪನ ಆಸೆ. ಒಂದೇ ದಿನ ಅಷ್ಟು ದೂರ ಅವರಿಗೆ ಆಗದು, ನಡುವೆ ಒಂದು ರಾತ್ರಿ ತಂಗಬೇಕು. ರೆಸಾರ್ಟು, ಲಾಡ್ಜುಗಳನ್ನೆಲ್ಲ ಕೇಳಿ ಸೋತು, ನಿಪ್ಪಾಣಿ ಆಸುಪಾಸಿನ ಕಲ್ಯಾಣ ಮಂಟಪವೊಂದಕ್ಕೆ ಫೋನ್ ಮಾಡಿದೆ. ಯೋಚಿಸಿ ನೋಡಿ: ಪಾತ್ರೆ ಸಾಮಾನಿನ ಲಾರಿ, ದಿಬ್ಬಣದ ಬಸ್ಸು ಒಳಗೆ ಬಂದು ತಿರುಗಿ ಹೋಗುವ ಅಂಗಳ ಅಲ್ಲಿದೆ. ನೀರು, ಶೌಚಾಲಯ, ಅಡುಗೆಮನೆಗೆ ಎಳೆದ ದಪ್ಪ ವೈರು, ರಾತ್ರಿ ಕಾವಲುಗಾರ ಎಲ್ಲವೂ ಇದೆ. ಮದುವೆ ಮುಹೂರ್ತ ಇಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡು ಖಾಲಿ ಬಿದ್ದಿರುತ್ತದೆ. ಹೆದ್ದಾರಿಯ ಉದ್ದಕ್ಕೂ ಇಂಥ ಎಷ್ಟು ಅಂಗಳಗಳಿಲ್ಲ! ವಯಸ್ಸಾದವರನ್ನು ಕರೆದುಕೊಂಡು ಊರಿಗೆ ಹೋಗಬೇಕಾದ ನಮ್ಮಂಥವರು ಕೇಳತೊಡಗಿದರೆ ಅವುಗಳ ಗೇಟು ತೆರೆದಾವು.

ಮಂಟಪದ ಮ್ಯಾನೇಜರಿಗೆ ಮೊದಲು ಆಶ್ಚರ್ಯವಾಯಿತು, ಆಮೇಲೆ ಒಪ್ಪಿದರು. ಉದ್ದ, ಅಗಲ, ಎತ್ತರ, ತೂಕ, ಕರೆಂಟು ಐದನ್ನೂ ಬರೆದು ಕಳಿಸಿದ್ದೇನೆ. ಗೇಟಿನ ಫೋಟೊ ಬಂದಿದೆ. ಅಪ್ಪ ಅದನ್ನು ಫೋನಿನಲ್ಲಿ ಹಿಗ್ಗಿಸಿ ನೋಡಿ, ಎಡಗಡೆಯ ಕಂಬದ ಮೇಲೆ ಬೆರಳಿಟ್ಟಿದ್ದಾರೆ: ‘ಇದರಿಂದ ಗ್ವಾಡಿಗೆ ಎಷ್ಟ ಫೂಟ್ ಐತಿ, ಕೇಳು.’