ನಿಮಗಿದು ಗೊತ್ತೆ? ಕೊಡೆ ಬಿಚ್ಚದ ಅಣಬೆ

ಉಜ್ಜಿನಿ, ಕೊಟ್ಟೂರು, ಕೂಡ್ಲಿಗಿ ಕಡೆಯಂಥ ಮಳೆ ಕಡಿಮೆಯ, ಗೆದ್ದಲು ಹೆಚ್ಚಿನ ಬಯಲಿಗೆ ಒಗ್ಗುವ ಅಣಬೆಗಳಲ್ಲಿ ಪೋಡಾಕ್ಸಿಸ್ ವಿಚಿತ್ರವಾದುದು. ಹುತ್ತದ ಮೇಲೆ, ಮರಳು ನೆಲದಲ್ಲಿ ಗೇಣುದ್ದ ಏಳುವ ಇದರ ಟೋಪಿ ಮೊಟ್ಟೆಯಾಕಾರದ್ದು. ಮೈತುಂಬ ಸಿಪ್ಪೆಯಂಥ ಹುರುಪೆ. ಈ ಟೋಪಿ ಕೊನೆವರೆಗೂ ಕೊಡೆಯಂತೆ ಬಿಚ್ಚುವುದಿಲ್ಲ. 1771ರಲ್ಲಿ ಜೀವವಿಜ್ಞಾನಿ ಲಿನೇಯಸ್ ಇದನ್ನು ವರ್ಣಿಸಿದಾಗ ಪುಡಿಯುಗುಳುವ ಉಂಡೆ ಅಣಬೆಗಳ ಗುಂಪಿಗೆ ಸೇರಿಸಿದ್ದ.

ಹತ್ತಿರದಿಂದ ತೆಗೆದ ಚಿತ್ರದಲ್ಲಿ ಇದು ಮೈತುಂಬ ಹುರುಪೆಯಿರುವ ಶಾಯಿ ಅಣಬೆಯೆಂದೇ ತೋರುತ್ತದೆ. ಎರಡೂ ಒಂದೇ ಕುಟುಂಬದವು, ಎಳೆಯವಾಗಿದ್ದಾಗ ಎರಡೂ ಬಿಳಿ. ಬಲಿತಾಗ ಗುಟ್ಟು ರಟ್ಟಾಗುತ್ತದೆ: ಶಾಯಿ ಅಣಬೆ ಕರಗಿ ಕಪ್ಪು ದ್ರವವಾಗಿ ತೊಟ್ಟಿಕ್ಕಿದರೆ, ಪೋಡಾಕ್ಸಿಸ್ ಒಣಗಿ ಒಳಗೆಲ್ಲ ಕಪ್ಪುಗಂದು ಪುಡಿಯಾಗುತ್ತದೆ. ಆ ಪುಡಿಯೇ ಬೀಜಕಣ. ಆಸ್ಟ್ರೇಲಿಯಾದ ಮೂಲನಿವಾಸಿಗಳು ಅದನ್ನು ನರೆಗೂದಲಿಗೆ ಬಣ್ಣವಾಗಿ ಬಳಸುತ್ತಿದ್ದರು. ಪೋಡಾಕ್ಸಿಸನ್ನು ಉದ್ದಕ್ಕೆ ಸೀಳಿದರೆ ಗುರುತು ಇನ್ನೂ ಸ್ಪಷ್ಟ: ದಂಟು ಟೋಪಿಯ ನೆತ್ತಿಯವರೆಗೂ ಹಾದಿರುತ್ತದೆ. ಮಳೆಗಾಲದಲ್ಲಿ ಜನ ಆರಿಸಿ ತಿನ್ನುವ ಹುತ್ತದ ಅಣಬೆಯದು ಬೇರೆಯೇ ಲಕ್ಷಣ. ಅದರ ಕೊಡೆ ಅಗಲವಾಗಿ ಬಿಚ್ಚುತ್ತದೆ, ಬುಡ ಬೇರಿನಂತೆ ಗೆದ್ದಲಗೂಡಿನವರೆಗೂ ಇಳಿಯುತ್ತದೆ.

ಆದ್ದರಿಂದ ಗುರುತಿಸಲು ಮೇಲಿನಿಂದ ತೆಗೆದ ಒಂದು ಚಿತ್ರ ಸಾಲದು. ಬುಡ, ಟೋಪಿಯ ಅಡಿಭಾಗ, ಸೀಳಿದ ಒಳಮೈ, ಬೆಳೆದ ನೆಲ, ಪಕ್ಕದಲ್ಲೊಂದು ಅಳತೆಪಟ್ಟಿ ಎಲ್ಲವೂ ಚಿತ್ರಗಳಲ್ಲಿ ಇರಬೇಕು. ಇಷ್ಟಿದ್ದರೂ ಹೆಚ್ಚಾಗಿ ಸಿಗುವುದು ಕುಲದ ಹೆಸರು ಮಾತ್ರ. ಪ್ರಭೇದ ತಿಳಿಯಲು ಸೂಕ್ಷ್ಮದರ್ಶಕದಡಿ ಬೀಜಕಣ ನೋಡಬೇಕು, ಹಲವೊಮ್ಮೆ ಡಿಎನ್‌ಎ ಪರೀಕ್ಷೆಯೂ ಬೇಕು. ಚಿತ್ರವನ್ನಷ್ಟೇ ನಂಬಿ ಯಾವ ಕಾಡು ಅಣಬೆಯನ್ನೂ ತಿನ್ನಬಾರದು.