ದವಾಖಾನೆಯ ಕಾಗದ ಯಾರ ಕೈಗೆ?

ನಮ್ಮ ಕಡೆಯ ಹೆಣ್ಣುಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಹೊರಟಳೆಂದರೆ ಚೀಲದಲ್ಲಿ ಮೊದಲು ಇಡುವುದು ಏನು ಹೇಳಿ? ಸೀರೆಯಲ್ಲ, ಕುಪ್ಪಸವಲ್ಲ, ತಾಯಿ ಕಾರ್ಡು. ರಕ್ತದ ಗುಂಪು ಯಾವುದು, ಹಿಮೋಗ್ಲೋಬಿನ್ ಎಷ್ಟಿದೆ, ಬಿ.ಪಿ. ಎಷ್ಟು, ಯಾವ ಯಾವ ಸೂಜಿ ಆಗಿವೆ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಗಂಡನ ಊರಿನ ನರ್ಸಬಾಯಿ ಬರೆದದ್ದನ್ನು ತವರೂರಿನ ಡಾಕ್ಟರು ಓದಿ ಮುಂದಿನ ಉಪಚಾರ ಮಾಡುತ್ತಾರೆ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ನಡುವೆ ಇರುವುದು ಬಸುರಿಯ ಕೈಚೀಲ ಒಂದೇ.

ಬಸುರಿಗೇನೋ ಈ ಅನುಕೂಲವಿದೆ. ಉಳಿದ ಬೇನೆಗಳಿಗೆ? ಹಲಸಂಗಿಯಂಥ ಗಡಿಯ ಊರಿನವರಾದ ನಮಗೆ ಸಕ್ಕರೆ ಬೇನೆಗೆ ಇಂಡಿಯ ಡಾಕ್ಟರು, ಕಣ್ಣಿಗೆ ವಿಜಯಪುರ, ಎದೆಗೆ ಸೊಲ್ಲಾಪುರ. ಒಬ್ಬೊಬ್ಬರು ಒಂದೊಂದು ಫೈಲು ಕೊಡುತ್ತಾರೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಆ ಫೈಲುಗಳನ್ನೆಲ್ಲ ಕಾಯುವವರು ಯಾರು? ಮನೆಯ ಹೆಂಗಸೇ. ರೇಷನ್ ಕಾರ್ಡಿನ ಜೊತೆ, ಪಾಸಬುಕ್ಕಿನ ಜೊತೆ, ಟ್ರಂಕಿನ ತಳಕ್ಕೆ.

ಹೋದ ವರ್ಷದ ಮಳೆಗಾಲದಲ್ಲಿ ನಮ್ಮ ಅತ್ತೆಯವರು ಬಚ್ಚಲ ಬಾಗಿಲಲ್ಲಿ ಕಾಲು ಜಾರಿ ಬಿದ್ದರು. ತೊಡೆಯ ಎಲುಬು ಮುರಿಯಿತು. ರಾತ್ರಿ ಗಾಡಿ ಮಾಡಿಸಿ ವಿಜಯಪುರಕ್ಕೆ ಕರೆದೊಯ್ದೆವು. ಆಪರೇಷನ್ ಮಾಡಬೇಕೆಂದ ಡಾಕ್ಟರು ಮೊದಲು ಕೇಳಿದ ಪ್ರಶ್ನೆಗೇ ನಾನು ಕಕ್ಕಾಬಿಕ್ಕಿಯಾದೆ. "ಹಾರ್ಟಿಗೆ ಸ್ಟೆಂಟ್ ಹಾಕ್ಸೀರಿ ಅಂತೀರಿ, ರಕ್ತ ತೆಳ್ಳಗ ಮಾಡೋ ಗುಳಿಗಿ ಯಾವುದು ತಗೋತಾರ? ಎಂದಿನಿಂದ?" ದಿನಾಲೂ ಊಟದ ಮೇಲೆ ನನ್ನ ಕೈಯಾರೆ ಕೊಡುವ ಗುಳಿಗೆ! ಬಣ್ಣ ಗೊತ್ತು, ಆಕಾರ ಗೊತ್ತು, ಹೆಸರು ಬಾಯಿಗೆ ಬರಲಿಲ್ಲ. ಅಂಥ ಗುಳಿಗೆ ತಿನ್ನುವವರಿಗೆ ಕತ್ತರಿ ಹಚ್ಚಿದರೆ ರಕ್ತ ನಿಲ್ಲುವುದು ಕಷ್ಟ. ಹಾಗೆಂದು ಅದನ್ನು ಒಮ್ಮೆಲೇ ನಿಲ್ಲಿಸಿದರೆ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಡಾಕ್ಟರು ಕೇಳಿದ್ದು ಸುಮ್ಮನೆ ಅಲ್ಲ.

ಫೈಲು ಊರಲ್ಲಿತ್ತು. ನಮ್ಮವರು ಸೊಲ್ಲಾಪುರದ ದವಾಖಾನೆಗೆ ಫೋನು ಹಚ್ಚಿದರು. ಆ ಕಡೆಯವರು, "ನೀವು ಯಾರೋ ನಮಗೆ ಗೊತ್ತಿಲ್ಲ, ಪೇಶಂಟಿನ ಸಂಗತಿ ಫೋನಿನಲ್ಲಿ ಹೇಳಲು ಬರುವುದಿಲ್ಲ" ಎಂದುಬಿಟ್ಟರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಡೆಗೆ ಮೈದುನನ ಮಗ ಟ್ರಂಕು ಕೆದರಿ ಫೈಲು ಹುಡುಕಿ, ಒಂದೊಂದೇ ಹಾಳೆಯ ಫೋಟೋ ಹಿಡಿದು ಕಳಿಸಿದ. ಗುಳಿಗೆ ಯಾವುದೆಂದು ತಿಳಿದ ಮೇಲೆಯೇ ಆಪರೇಷನ್ನಿನ ದಿನ ಗೊತ್ತು ಮಾಡಿದರು. ಅತ್ತೆಯವರು ಈಗ ಕೋಲು ಹಿಡಿದು ಅಂಗಳದ ತನಕ ಓಡಾಡುತ್ತಾರೆ.

ಆದರೆ ಸೊಲ್ಲಾಪುರದವರು ಅಂದದ್ದು ತಪ್ಪೇ? ಆ ಸಿಟ್ಟು ಇಳಿದದ್ದು ನಮ್ಮ ಬಳಗದಲ್ಲೇ ನಡೆದ ಇನ್ನೊಂದು ಸಂಗತಿಯಿಂದ. ನನ್ನ ತಂಗಿಯ ಮಗಳಿಗೆ ಕುತ್ತಿಗೆಯಲ್ಲಿ ಸಣ್ಣ ಬಾವು ಕಂಡು ರಕ್ತ ತಪಾಸಣೆ ಮಾಡಿಸಿದ್ದರು. ಲ್ಯಾಬಿನಲ್ಲಿ ಫೋನ್ ನಂಬರು ಕೇಳಿದಾಗ ಹುಡುಗಿಯ ದೊಡ್ಡಪ್ಪನದು ಕೊಟ್ಟು ಬಂದಿದ್ದಾರೆ. ರಿಪೋರ್ಟು ವಾಟ್ಸಾಪಿನಲ್ಲಿ ಅವರಿಗೆ ಬಂತು. ಅವರು ತಿಳಿದವರೊಬ್ಬರಿಗೆ ತೋರಿಸೋಣವೆಂದು ಕಳಿಸಿದರು, ಅವರು ಮತ್ತೊಬ್ಬರಿಗೆ. ಹುಡುಗಿ ತನ್ನ ರಿಪೋರ್ಟು ಓದುವ ಮೊದಲೇ ಬೀಗರಾಗಬೇಕಾದವರ ಮನೆಯಲ್ಲಿ "ಹುಡುಗಿಗೆ ಏನೋ ದೊಡ್ಡ ಬ್ಯಾನಿ ಐತಂತ" ಎಂದು ಮಾತಾಯಿತು. ಇದ್ದದ್ದು ಥೈರಾಯ್ಡು. ದಿನಕ್ಕೊಂದು ಗುಳಿಗೆಯಿಂದ ಹದ್ದಿನಲ್ಲಿರುವಂಥದು. ಲಗ್ನದ ಮಾತು ಮಾತ್ರ ಮುರಿದುಹೋಯಿತು.

ಮಧುರಚೆನ್ನರೂ ಅವರ ಗೆಳೆಯರೂ ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಅಚ್ಚು ಹಾಕಿಸಿದ್ದಕ್ಕೆ ನಮ್ಮೂರಿಗೆ ಹೆಸರು. ಹಾಡು ಯಾರಿಗಾದರೂ ಕೊಡಬಹುದು, ಹತ್ತು ಊರಿಗೆ ಹಬ್ಬಿದಷ್ಟೂ ಸಂತೋಷ. ಮೈಯ ಬೇನೆಯ ಸುದ್ದಿ ಹಾಗೆ ಹಬ್ಬಬಹುದೇ? ಬೇಕಾದ ಡಾಕ್ಟರಿಗೆ ಬೇಕಾದ ಹೊತ್ತಿಗೆ ಸಿಗಬೇಕು, ಬೇಡಾದವರಿಗೆ ಸಿಗಬಾರದು. ಫೋನಿನಲ್ಲಿ ಯಾರು ಕೇಳಿದರೂ ಹೇಳುವ ದವಾಖಾನೆಯಾಗಿದ್ದರೆ ನಾಳೆ ಬೀಗರೂ ಫೋನು ಹಚ್ಚಿ ಕೇಳಿಯಾರು.

ಇದಕ್ಕೆ ಏನಾದರೂ ದಾರಿಯುಂಟೇ ಎಂದು ವಿಚಾರಿಸಿದಾಗ ತಿಳಿದದ್ದು 'ಆಭಾ' ನಂಬರಿನ ಸಂಗತಿ. ನಿಮ್ಮಲ್ಲಿ ಎಷ್ಟೋ ಜನರಿಗೆ ಆಶಾ ಕಾರ್ಯಕರ್ತೆಯರೋ ದವಾಖಾನೆಯವರೋ ಇದನ್ನು ಮಾಡಿಕೊಟ್ಟಿರಲೂ ಸಾಕು. 2025ರ ಹೊತ್ತಿಗೆ ದೇಶದಲ್ಲಿ 70 ಕೋಟಿಗೂ ಹೆಚ್ಚು ಆಭಾ ನಂಬರುಗಳಾಗಿದ್ದವು. ಆದರೆ ಅದು ಏತಕ್ಕೆಂದು ನಾನು ಕೇಳಿದ ಹತ್ತು ಮಂದಿಯಲ್ಲಿ ಎಂಟು ಮಂದಿ "ಐದು ಲಕ್ಷದ ಕಾರ್ಡು" ಎಂದರು. ಅಲ್ಲ! ಐದು ಲಕ್ಷ ರೂಪಾಯಿಯ ತನಕ ಉಪಚಾರದ ಖರ್ಚು ಭರಿಸುವ ಆಯುಷ್ಮಾನ್ ಕಾರ್ಡು ಬೇರೆ, ಅದು 2018ರಲ್ಲಿ ಬಂದದ್ದು. ಆಭಾದಿಂದ ಒಂದು ಪೈಸೆಯೂ ಬರುವುದಿಲ್ಲ. ಅದು ನಿಮ್ಮ ಆರೋಗ್ಯದ ಕಾಗದಗಳನ್ನು ನಿಮ್ಮ ಹೆಸರಿಗೆ ಜೋಡಿಸುವ 14 ಅಂಕಿಯ ನಂಬರು, ಅಷ್ಟೇ. 2020ರ ಆಗಸ್ಟ್ 15ರಂದು ಘೋಷಣೆಯಾಗಿ, ಮೊದಲು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪರೀಕ್ಷೆ ನಡೆದು, 2021ರ ಸೆಪ್ಟೆಂಬರ್ 27ರಿಂದ ದೇಶಕ್ಕೆಲ್ಲ ಬಂತು. ನೋಡಿಕೊಳ್ಳುವವರು ದಿಲ್ಲಿಯ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದವರು. ದೇಶಕ್ಕೆಲ್ಲ ಒಂದೇ ಆದ್ದರಿಂದ ಸೊಲ್ಲಾಪುರ ಮಹಾರಾಷ್ಟ್ರದ್ದು, ವಿಜಯಪುರ ಕರ್ನಾಟಕದ್ದು ಎಂಬ ಅಡ್ಡಿ ಇದಕ್ಕಿಲ್ಲ.

ನನಗೆ ಮೊದಲು ಬಂದ ಭಯವೇ ನಿಮಗೂ ಬಂದೀತು: ಎಲ್ಲರ ಬೇನೆಯ ಸುದ್ದಿ ಒಯ್ದು ದಿಲ್ಲಿಯ ಒಂದು ಪೆಟ್ಟಿಗೆಯಲ್ಲಿ ತುಂಬುತ್ತಾರೆಯೇ? ಹಾಗಲ್ಲವಂತೆ. ಸೊಲ್ಲಾಪುರದ ಕಾಗದ ಸೊಲ್ಲಾಪುರದ ದವಾಖಾನೆಯ ಕಂಪ್ಯೂಟರಿನಲ್ಲೇ ಇರುತ್ತದೆ, ಇಂಡಿಯದು ಇಂಡಿಯಲ್ಲೇ. ನಡುವಿನ ವ್ಯವಸ್ಥೆಗೆ ಗೊತ್ತಿರುವುದು ಯಾರ ಕಾಗದ ಎಲ್ಲಿದೆ ಎಂಬುದಷ್ಟೇ. ಅತ್ತೆಯವರ ಕಥೆಯನ್ನೇ ತೆಗೆದುಕೊಳ್ಳಿ. ಎರಡೂ ದವಾಖಾನೆಗಳು ಇದಕ್ಕೆ ಜೋಡಣೆಯಾಗಿದ್ದು, ಸೊಲ್ಲಾಪುರದಲ್ಲಿ ಅವರ ಕಾಗದಗಳನ್ನು ಆಭಾ ನಂಬರಿಗೆ ಜೋಡಿಸಿದ್ದರೆ, ವಿಜಯಪುರದ ಡಾಕ್ಟರು ಕಂಪ್ಯೂಟರಿನಿಂದ ಒಂದು ಕೋರಿಕೆ ಕಳಿಸುತ್ತಿದ್ದರು. ಅದು ನೇರ ಸೊಲ್ಲಾಪುರಕ್ಕೆ ಹೋಗುವುದಿಲ್ಲ, ಅತ್ತೆಯವರ ಫೋನಿಗೆ ಬರುತ್ತದೆ. ಕೇಳುವವರು ಯಾರು, ಏತಕ್ಕೆ, ಯಾವ ಕಾಗದ (ಔಷಧ ಚೀಟಿಯೋ, ತಪಾಸಣೆಯ ರಿಪೋರ್ಟೋ, ಡಿಸ್ಚಾರ್ಜ್ ಕಾಗದವೋ), ಯಾವ ತಾರೀಖಿನಿಂದ ಯಾವ ತಾರೀಖಿನವರೆಗಿನದು, ಎಷ್ಟು ದಿನ ನೋಡುತ್ತಾರೆ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಇವರು ಒಪ್ಪಿದರೆ ಮಾತ್ರ ಸೊಲ್ಲಾಪುರದ ಕಂಪ್ಯೂಟರು ಕಾಗದ ಕಳಿಸಬೇಕು. ಒಲ್ಲೆನೆಂದರೆ ಇಲ್ಲ.

ಕಳಿಸುವಾಗಲೂ ತೆರೆದ ಕಾರ್ಡಿನ ಹಾಗೆ ಕಳಿಸುವುದಿಲ್ಲ. ಗುಪ್ತಲಿಪಿಗೆ ತಿರುಗಿಸಿ ಕಳಿಸುತ್ತಾರೆ, ಅದನ್ನು ಬಿಡಿಸುವ ಕೀಲಿ ಕೇಳಿದವರ ಹತ್ತಿರ ಮಾತ್ರ ಇರುತ್ತದೆ. ನಡುವಿನವರು ಟಪಾಲಿನವನಿದ್ದ ಹಾಗೆ, ಲಕೋಟೆ ಮುಟ್ಟಿಸಿಯಾನು, ಒಳಗಿನದು ಓದಲಾರ. ಇನ್ನು 'ನೀವು ಯಾರೋ' ಎಂಬ ಸೊಲ್ಲಾಪುರದವರ ಪ್ರಶ್ನೆಗೂ ಇದರಲ್ಲಿ ಉತ್ತರವಿದೆ. ದವಾಖಾನೆಗಳದೊಂದು, ಡಾಕ್ಟರು ನರ್ಸುಗಳದೊಂದು ಪಟ್ಟಿ ಇಟ್ಟಿದ್ದಾರೆ. ಆ ಪಟ್ಟಿಯಲ್ಲಿ ಹೆಸರು ಏರಬೇಕಾದರೆ ತಾವು ಯಾರೆಂಬುದನ್ನು ದಾಖಲೆ ಸಮೇತ ತೋರಿಸಬೇಕು.

ಹೊರದೇಶಗಳಲ್ಲಿ ಇದು ಹೊಸದೇನಲ್ಲ. ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ 2008ರಿಂದ ದೇಶಕ್ಕೆಲ್ಲ ಇಂಥ ಏರ್ಪಾಡು ನಡೆದಿದೆ. ಅಲ್ಲಿ ತನ್ನ ಕಾಗದಗಳನ್ನು ಯಾರು ಯಾವಾಗ ತೆರೆದು ನೋಡಿದರು ಎಂಬುದನ್ನೂ ರೋಗಿಯೇ ನೋಡಬಹುದು. ಈ ಮಾತು ನನಗೆ ಬಹಳ ಹಿಡಿಸಿತು. ಪಕ್ಕದ ಮನೆಯವರು ನಮ್ಮ ಡಬ್ಬಿ ತೆರೆದರೋ ಇಲ್ಲವೋ ಎಂದು ಡಬ್ಬಿಯೇ ಹೇಳಿದ ಹಾಗೆ!

ಹಾಗಾದರೆ ಎಲ್ಲ ಸುರಕ್ಷಿತವೋ ಎಂದರೆ, ಹೌದೆಂದು ಎದೆ ತಟ್ಟಿ ಹೇಳುವ ಧೈರ್ಯ ನನಗಿಲ್ಲ. 2018ರಲ್ಲಿ ಸಿಂಗಪುರದ ದೊಡ್ಡ ದವಾಖಾನೆಗಳ ಗುಂಪೊಂದರಿಂದ 15 ಲಕ್ಷ ರೋಗಿಗಳ ವಿವರ ಕಳುವಾಯಿತು, ಅದರಲ್ಲಿ ಆ ದೇಶದ ಪ್ರಧಾನಿಯದೂ ಇತ್ತು. 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ದವಾಖಾನೆಯ ಕಂಪ್ಯೂಟರುಗಳಿಗೆ ಕಳ್ಳರು ಕೈಹಾಕಿದಾಗ ಎಷ್ಟೋ ದಿನ ಕೈಯಲ್ಲೇ ಬರೆದು ಕೆಲಸ ಸಾಗಿಸಬೇಕಾಯಿತು. ಈ ಎರಡೂ ಕಡೆ ಕಳ್ಳರು ನುಗ್ಗಿದ್ದು ದವಾಖಾನೆಯ ಕಂಪ್ಯೂಟರಿಗೇ. ದಾರಿಯಲ್ಲಿ ಲಕೋಟೆ ಎಷ್ಟು ಭದ್ರವಾಗಿದ್ದರೂ, ಕಾಗದ ಇಟ್ಟ ಮನೆಯ ಬಾಗಿಲು ಸಡಿಲಿದ್ದರೆ ಏನು ಬಂತು? ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ನಮ್ಮ ದೇಶದಲ್ಲಿ 2023ರಲ್ಲಿ ಕಾಯಿದೆಯಾಗಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು.

ದೂರದ ಕಳ್ಳನ ಮಾತು ಇರಲಿ. ನಮ್ಮಂಥ ಊರುಗಳಲ್ಲಿ ನನಗೆ ಹೆಚ್ಚಿನ ಭಯ ಹತ್ತಿರದ್ದು. ಆಭಾ ಮಾಡಿಸುವಾಗ ಯಾರ ಮೊಬೈಲ್ ನಂಬರು ಕೊಟ್ಟಿರಿ? ನನ್ನ ಗೆಳತಿಯೊಬ್ಬಳು ಕಂಪ್ಯೂಟರ್ ಅಂಗಡಿಗೆ ಹೋಗಿದ್ದಳು. "ಅಕ್ಕಾರ, ನಿಮ್ಮ ಫೋನಿಗೆ ಓಟಿಪಿ ಬರೂದು ತಡಾ ಆಗತೈತಿ, ನನ್ನ ನಂಬರ ಹಾಕತೀನಿ" ಎಂದು ಅಲ್ಲಿಯ ಹುಡುಗ ಹಾಕಿಬಿಟ್ಟಿದ್ದಾನೆ. ಕೀಲಿ ಅವನ ಕೈಗೆ ಕೊಟ್ಟು ಬಂದಂತಾಯಿತಲ್ಲ! ಆಮೇಲೆ ಅವಳಿಂದ ನಂಬರು ಬದಲು ಮಾಡಿಸಿದೆ. ಒಂದೇ ಮೊಬೈಲಿಗೆ ಮನೆಯ ಹಲವರ ಆಭಾ ಜೋಡಿಸಲು ಬರುತ್ತದೆ, ಮುದುಕರಿಗೂ ಮಕ್ಕಳಿಗೂ ಅದು ಅನುಕೂಲ. ಆದರೆ ವಯಸ್ಸಿಗೆ ಬಂದ ಹೆಣ್ಣುಮಗಳದು, ಸೊಸೆಯದು ಅವರವರ ಫೋನಿಗೇ ಇರಲಿ ಎಂದು ನನ್ನ ಅಭಿಪ್ರಾಯ. ತಿಂಗಳು ತಪ್ಪಿದ್ದು, ಗರ್ಭ ನಿಲ್ಲದ್ದು, ಮನಸ್ಸಿನ ಬೇಸರಕ್ಕೆ ಗುಳಿಗೆ ತೆಗೆದುಕೊಂಡದ್ದು, ಇವನ್ನು ಯಾರಿಗೆ ಹೇಳಬೇಕೆಂಬುದು ಅವಳಿಗೆ ಬಿಟ್ಟದ್ದು. ಅತ್ತೆಯಾದವಳೂ ಕೇಳಬಾರದು. (ಈ ಸಾಲು ಓದಿ ನಮ್ಮ ಸೊಸೆ ನಕ್ಕಳು.)

ಇನ್ನೊಂದು ಮಾತು. ಆಭಾ ಕಡ್ಡಾಯವಲ್ಲ, ಮಾಡಿಸಿದ ಮೇಲೆ ಬೇಡವೆನಿಸಿದರೆ ತೆಗೆಸಿಹಾಕಲೂ ಬರುತ್ತದೆ. ಅದಿಲ್ಲವೆಂದು ಉಪಚಾರ ನಿರಾಕರಿಸುವಂತಿಲ್ಲ. ಕೊಟ್ಟ ಒಪ್ಪಿಗೆಯನ್ನು ನಡುವೆಯೇ ಹಿಂದಕ್ಕೆ ಪಡೆಯಬಹುದು. ಡಾಕ್ಟರು ಆಗಲೇ ಓದಿದ್ದನ್ನು ಮಾತ್ರ ಮರೆಸಲಾಗದು ಎಂಬುದು ನೆನಪಿರಲಿ. ಓಟಿಪಿಯನ್ನು ಫೋನು ಮಾಡಿ ಕೇಳಿದವರಿಗೆ ಹೇಳಬೇಡಿ. ಚಿಕ್ಕ ಫೋನಿದ್ದವರಿಗೂ ಆಭಾ ನಂಬರು ಆಗುತ್ತದೆ, ಕಾಗದಗಳನ್ನು ತಾವೇ ನೋಡಲು ಮಾತ್ರ ಆಭಾ ಆ್ಯಪ್ ಇರುವ ದೊಡ್ಡ ಫೋನು ಬೇಕು. ಆ ಆ್ಯಪಿನಲ್ಲಿ ನಮ್ಮ ಹಳೆಯ ಕಾಗದಗಳ ಫೋಟೋಗಳನ್ನೂ ಹಾಕಿಡಬಹುದು. ಸಂಶಯ ಬಂದರೆ ಕೇಳಲು 14477 ಎಂಬ ಪುಕ್ಕಟೆ ನಂಬರಿದೆ.

ನಿಮ್ಮ ಊರಿನ ದವಾಖಾನೆ ಇನ್ನೂ ಜೋಡಣೆಯಾಗಿರದಿದ್ದರೆ? ಆಗ ಕಾಗದವೇ ಗತಿ. 2002ರಲ್ಲಿ ವೈದ್ಯಕೀಯ ಪರಿಷತ್ತು ಮಾಡಿದ ನಿಯಮದಂತೆ, ಒಳರೋಗಿಯಾಗಿದ್ದವರ ದಾಖಲೆಗಳನ್ನು ಡಾಕ್ಟರು ಮೂರು ವರ್ಷ ಕಾಯ್ದಿಡಬೇಕು, ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಸಂಕೋಚಪಡದೆ ಬರವಣಿಗೆಯಲ್ಲಿ ಕೇಳಿ. ನಾನು ಕೇಳಿದೆ, ಕೊಟ್ಟರು. ಮನೆಯಲ್ಲಿ ಔಷಧ ತಿನ್ನುವವರ ಗುಳಿಗೆಗಳ ಹೆಸರು, ಆಗದ ಔಷಧದ ಹೆಸರು, ಆಗಿಹೋದ ಆಪರೇಷನ್ನು, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಫೈಲಿನ ಮೇಲೆ ಹಚ್ಚಿದ್ದೇನೆ. ಫೈಲು ಈಗ ಟ್ರಂಕಿನಲ್ಲಿಲ್ಲ, ಬಾಗಿಲ ಹಿಂದಿನ ಗೂಟಕ್ಕೆ ಚೀಲದಲ್ಲಿ ತೂಗುತ್ತದೆ.

ಅತ್ತೆಯವರ ಆಭಾ ಈಗ ಅವರದೇ ಫೋನಿಗೆ ಇದೆ. ಮೊನ್ನೆ ತಪಾಸಣೆಗೆ ಹೋದಾಗ ಮೊದಲ ಸಲ ಕೋರಿಕೆ ಬಂತು. ಅಕ್ಷರ ಸಣ್ಣವೆಂದು ನನ್ನ ಕೈಗೆ ಕೊಟ್ಟು, "ಯಾರ ಕೇಳ್ಯಾರ, ಓದವಾ" ಎಂದರು. ಎಲುಬಿನ ಡಾಕ್ಟರು, ಇಂಥಿಂಥ ಕಾಗದ, ಒಂದು ವರ್ಷ ನೋಡಲು, ಎಂದು ಓದಿದೆ.

"ಒಂದ ವರ್ಷ ಯಾಕ? ಇವತ್ತ ಬಂದೀವಿ, ಇವತ್ತ ನೋಡ್ಲಿ. ಬೇಕಾದ್ರ ಎಂಟ ದಿವಸ ಹಾಕು" ಎಂದರು ಅತ್ತೆಯವರು.

ಎಂಟು ದಿನ ಹಾಕಿ ಒತ್ತಿದೆ.