ದಡದ ಮೇಲೆ ನಿಂತವರು

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಹಳೇಕೋಟೆಯಿಂದ ನನ್ನನ್ನು ನೋಡಲು ಬಂದಿದ್ದರು. ಅವರ ಕೈಯಲ್ಲಿ ಒಂದು ಚಿತ್ರದ ಅಚ್ಚುಪ್ರತಿಯಿತ್ತು. ಅಮೆರಿಕದ ಕಲಾವಿದ ತಾಮಸ್ ಈಕಿನ್ಸ್ 1881ರಲ್ಲಿ ಬರೆದ ಚಿತ್ರ ಅದು. ಡೆಲವೇರ್ ನದಿಯ ತೀರದಲ್ಲಿ ಶ್ಯಾಡ್ ಎಂಬ ಮೀನನ್ನು ಹಿಡಿಯುತ್ತಿರುವವರ ನೋಟ. “ನಮ್ಮ ಹೇಮಾವತಿಯಲ್ಲೂ ಬೆಸ್ತರು ಬಲೆ ಬೀಸುತ್ತಾರಲ್ಲ ಸಾರ್, ನಮ್ಮವರೇಕೆ ಇಂಥದೊಂದು ಚಿತ್ರ ಬರೆಯಲಿಲ್ಲ?” ಎಂದು ಅವರು ಕೇಳಿದರು. ನಮ್ಮ ಚಿತ್ರಕಾರರಿಗೆ ದೇವರು, ದೊರೆಗಳನ್ನು ಬಿಟ್ಟರೆ ಬೇರೆ ಕಾಣಿಸುತ್ತಿರಲಿಲ್ಲ ಎಂದು ನಾನು ಹೇಳಿಬಿಟ್ಟೆ. ಆ ಉತ್ತರ ಸರಿಯಲ್ಲವೆಂದು ಆಮೇಲೆ ಹೊಳೆಯಿತು. ಅದನ್ನು ತಿದ್ದಿಕೊಳ್ಳುವುದೇ ಈ ಭಾಷಣದ ಉದ್ದೇಶ.

ಮೊದಲು ಈಕಿನ್ಸನ ಚಿತ್ರವನ್ನು ನೋಡೋಣ. ಶ್ಯಾಡ್ ಎಂಬುದು ಬಂಗಾಳದ ಹಿಲ್ಸಾ ಮೀನಿನ ಬಳಗಕ್ಕೆ ಸೇರಿದ್ದು. ವಸಂತ ಬಂತೆಂದರೆ ಮೊಟ್ಟೆಯಿಡುವುದಕ್ಕಾಗಿ ಕಡಲನ್ನು ಬಿಟ್ಟು ನದಿಯನ್ನೇರಿ ಬರುತ್ತದೆ. ಆಗ ಉದ್ದವಾದ ಬಲೆಯನ್ನು ನೀರಿನಲ್ಲಿ ಸುತ್ತುಹಾಕಿ, ಹಲವರು ಕೂಡಿ ದಡದತ್ತ ಎಳೆಯುತ್ತಾರೆ. ಛಾಯಾಚಿತ್ರಗಳ ನೆರವನ್ನೂ ಪಡೆದು ಈಕಿನ್ಸ್ ಈ ದುಡಿಮೆಯನ್ನು ನಿಷ್ಠೆಯಿಂದ ಚಿತ್ರಿಸಿದ್ದಾನೆ. ಆದರೆ ಚಿತ್ರದಲ್ಲಿ ಬೆಸ್ತರಷ್ಟೇ ಇಲ್ಲ. ಈಚೆಯ ದಡದಲ್ಲಿ ಒಳ್ಳೆಯ ಉಡುಪಿನ ಕೆಲವರು ನಿಂತು ಅವರನ್ನು ನೋಡುತ್ತಿದ್ದಾರೆ. ಭೂದೃಶ್ಯವೆಂಬ ಕಲಾಪ್ರಕಾರದ ಗುಟ್ಟು ಇಲ್ಲಿದೆಯೆಂದು ನನಗೆ ತೋರುತ್ತದೆ. ನದಿ ‘ದೃಶ್ಯ’ವಾಗುವುದು ದಡದಲ್ಲಿ ನಿಂತವನಿಗೆ. ನೀರಿನಲ್ಲಿ ಮೊಣಕಾಲುದ್ದ ನಿಂತವನಿಗೆ ಅದು ಅಂದಿನ ಅನ್ನ.

ಇನ್ನು ನಮ್ಮ ಕಡೆಗೆ ಬರೋಣ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋದವರೆಲ್ಲರೂ ಬೆಟ್ಟವನ್ನೇರಿ ಗೊಮ್ಮಟನನ್ನು ಕಾಣುತ್ತಾರೆ. ಕೆಳಗೆ ಊರೊಳಗಿರುವ ಜೈನಮಠದ ಭಿತ್ತಿಚಿತ್ರಗಳ ಮುಂದೆ ನಿಲ್ಲುವವರು ಕಡಮೆ. ಅಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರಿನ ಚಿತ್ರವಿದೆ. ಅವರ ಆಳ್ವಿಕೆ 1799ರಿಂದ 1868ರ ವರೆಗಿನದಾದ್ದರಿಂದ ಆ ಚಿತ್ರದ ಕಾಲವನ್ನು ಊಹಿಸಬಹುದು. ಪಾರ್ಶ್ವನಾಥನ ಸಮವಸರಣವಿದೆ, ಭರತ ಚಕ್ರವರ್ತಿಯ ಕಥೆಯಿದೆ, ನಾಗಕುಮಾರನ ಚರಿತೆಯಿದೆ. ದೇವರು, ದೊರೆ ಎಂದು ನಾನು ಹೇಳಿದ್ದೆಲ್ಲ ಇಲ್ಲಿ ಇದೆ, ನಿಜ. ಆದರೆ ಇವುಗಳ ನಡುವೆ ಒಂದು ಕಾಡಿನ ನೋಟವೂ ಇದೆ. ಕಾಡಿನಲ್ಲೊಂದು ಮರ, ಮರದ ಸುತ್ತ ಆರು ಜನ.

ಆರು ಜನರಿಗೂ ಹಸಿವು ಒಂದೇ. ಹಣ್ಣನ್ನು ಪಡೆಯುವ ಬಗೆ ಮಾತ್ರ ಬೇರೆಬೇರೆ. ಒಬ್ಬನು ಮರವನ್ನು ಬುಡದಲ್ಲೇ ಕಡಿಯಹೊರಟಿದ್ದಾನೆ. ಎರಡನೆಯವನಿಗೆ ದೊಡ್ಡ ಕೊಂಬೆ ಬೇಕು, ಮೂರನೆಯವನಿಗೆ ಸಣ್ಣ ರೆಂಬೆ, ನಾಲ್ಕನೆಯವನಿಗೆ ಗೊಂಚಲು. ಐದನೆಯವನು ಹಣ್ಣನ್ನಷ್ಟೇ ಕೀಳುತ್ತಾನೆ. ಆರನೆಯವನು ನೆಲಕ್ಕೆ ಬಿದ್ದದ್ದನ್ನು ಆರಿಸಿಕೊಳ್ಳುತ್ತಾನೆ. ಜೈನರು ಇದನ್ನು ಷಡ್ಲೇಶ್ಯೆಯ ದೃಷ್ಟಾಂತವೆನ್ನುತ್ತಾರೆ. ಲೇಶ್ಯೆಯೆಂದರೆ ಮನೋಭಾವದಿಂದ ಜೀವಕ್ಕೆ ಹತ್ತುವ ಬಣ್ಣ. ಕೃಷ್ಣ, ನೀಲ, ಕಪೋತ ಈ ಮೂರು ಅಶುಭ; ಪೀತ, ಪದ್ಮ, ಶುಕ್ಲ ಈ ಮೂರು ಶುಭ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ಆಚಾರ್ಯ ನೇಮಿಚಂದ್ರರು ರಚಿಸಿದ ‘ಗೊಮ್ಮಟಸಾರ’ವೆಂಬ ಪ್ರಾಕೃತ ಗ್ರಂಥದಲ್ಲಿಯೂ ಈ ದೃಷ್ಟಾಂತವಿದೆ. ಹತ್ತನೆಯ ಶತಮಾನದ ಮಾತನ್ನು ಹೆಸರರಿಯದ ಚಿತ್ರಕಾರನೊಬ್ಬನು ಅದೇ ಊರಿನ ಗೋಡೆಯ ಮೇಲೆ ಕಾಡಾಗಿಸಿದ್ದಾನೆ. ಈ ಕಾಡಿನಲ್ಲಿ ಸುಮ್ಮನೆ ನಿಂತು ನೋಡುವವನೇ ಇಲ್ಲ. ಆರು ಜೊತೆ ಕೈಗಳಲ್ಲಿ ನಿನ್ನವು ಯಾವುವು ಎಂದು ಅದು ನೋಡುಗನನ್ನೇ ಕೇಳುತ್ತದೆ.

ಮರದ ಮಾತು ಸರಿ, ಮೀನಿನ ಮಾತೇನು ಎಂದು ನೀವು ಕೇಳಬಹುದು. ಜೈನಧರ್ಮಕ್ಕೆ ಮೀನು ಹಿಡಿಯುವುದು ಹಿಂಸೆಯೇ. ಮಠದ ಗೋಡೆಯ ಮೇಲೆ ಅದನ್ನು ಮೆಚ್ಚಿ ಬರೆಯುವಂತಿರಲಿಲ್ಲ. ಆದರೆ ಹೊಯ್ಸಳರ ಕವಿ ಜನ್ನನು 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ಯನ್ನು ನೆನೆಯಿರಿ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ದೊರೆ ಯಶೋಧರನು ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾನೆ. ಒಂದು ಜನ್ಮದಲ್ಲಿ ಮೀನಾಗಿ ಹುಟ್ಟಿ ಮನುಷ್ಯರ ಕೈಗೆ ಸಿಕ್ಕು ಸಾಯುತ್ತಾನೆ. ಈಕಿನ್ಸ್ ದಡದಿಂದ ಕಂಡದ್ದನ್ನು ಜನ್ನನು ನೀರಿನೊಳಗಿನಿಂದ ಕಂಡಿದ್ದಾನೆ. ಕೊಂದದ್ದು ಹಿಟ್ಟಿನ ಕೋಳಿಯಾದರೂ ಕೊಲ್ಲುವ ಸಂಕಲ್ಪ ನಿಜವಾಗಿತ್ತು ಎಂಬ ಅವನ ಕಥೆಯ ತಿರುಳೂ ಲೇಶ್ಯೆಯ ತಿರುಳೂ ಬೇರೆಯಲ್ಲ.

ಇವೆಲ್ಲ ಹಳೆಯ ಪುಸ್ತಕದ ಮಾತುಗಳಲ್ಲ. ನಮ್ಮ ಹೊಳೆಗಳಲ್ಲಿ ಎರಡು ಬಗೆಯ ಮೀನುಗಾರಿಕೆಯನ್ನು ನಾನು ಕಂಡಿದ್ದೇನೆ. ಬೀಸುಬಲೆಯವನು ಬಲೆಯ ಕಣ್ಣನ್ನು ಅಗಲವಾಗಿ ಹೆಣೆದು ಮರಿಗಳನ್ನು ನುಸುಳಗೊಡುತ್ತಾನೆ. ಸಿಡಿಮದ್ದಿನವನು ಮಡುವಿಗೆ ಮದ್ದೆಸೆಯುತ್ತಾನೆ; ಮರಿ, ಮೊಟ್ಟೆ, ತಾಯಿಮೀನು ಎಲ್ಲವೂ ಒಂದೇ ಗಳಿಗೆಯಲ್ಲಿ ಹೊಟ್ಟೆ ಮೇಲಾಗಿ ತೇಲುತ್ತವೆ. ಅವನ ಕೈಗೆ ಸಿಕ್ಕುವುದಕ್ಕಿಂತ ಕೊಳೆತು ಹೋಗುವುದೇ ಹೆಚ್ಚು. ಹಸಿವಿನ ಹೆಸರಿನಲ್ಲಿ ಬುಡಕ್ಕೆ ಕೊಡಲಿ ಹಾಕಿದವನು ಇವನೇ ಅಲ್ಲವೆ? ಚಿಕ್ಕಂದಿನಲ್ಲಿ ಒಮ್ಮೆ ಅಂಥ ಸದ್ದು ಕೇಳಿ ಓಡಿಹೋಗಿ ನಾನೂ ದಡದ ಮೇಲೆ ನಿಂತಿದ್ದೆ. ಬೆಳ್ಳಗೆ ಮಿನುಗುತ್ತ ತೇಲುತ್ತಿದ್ದ ಮೀನುಗಳನ್ನು ಕಂಡು ಎಷ್ಟು ಚೆಂದವೆಂದುಕೊಂಡದ್ದು ಇಂದಿಗೂ ನೆನಪಿದೆ. ಆ ನೆನಪು ನನಗೆ ಹಿತವಾದುದಲ್ಲ.

ಈಕಿನ್ಸನ ಚಿತ್ರದ ಹಿರಿಮೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ನೋಡುವವರನ್ನೂ ಚಿತ್ರದೊಳಕ್ಕೆ ತಂದು ನಿಲ್ಲಿಸಿದ ಪ್ರಾಮಾಣಿಕತೆ ಅವನದು. ನಮ್ಮವರು ಇಂಥದನ್ನೇಕೆ ಬರೆಯಲಿಲ್ಲ ಎಂಬುದಕ್ಕೆ ಈಗ ನಾನು ಕೊಡುವ ಉತ್ತರ ಇಷ್ಟೆ: ಬರೆದರು, ಆದರೆ ದಡದಲ್ಲಿ ನಿಲ್ಲುವುದಕ್ಕೆ ನಮಗೆ ಜಾಗ ಬಿಡಲಿಲ್ಲ. ಆ ವಿದ್ಯಾರ್ಥಿ ಮತ್ತೊಮ್ಮೆ ಬಂದರೆ ಅವರನ್ನು ಶ್ರವಣಬೆಳಗೊಳಕ್ಕೆ ಕರೆದೊಯ್ದು, ಆ ಮರದ ಮುಂದೆ ನಿಲ್ಲಿಸಬೇಕೆಂದಿದ್ದೇನೆ.